ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಪಿಎಚ್ ಬದಲಾದ್ರೆ ನೀರಲ್ಲಿರೋ ಸತು ಏನಾಗುತ್ತೆ?

ಈ ತಿಂಗಳು ಬಂದ ಪತ್ರಗಳನ್ನ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು, ನಾಲ್ಕು ಪತ್ರ ಒಂದೇ ಲೋಹದ ಸುತ್ತ ಇದ್ವು, ಸತು, ಅಂದ್ರೆ ಜಿಂಕ್. ಒಬ್ರು ಪ್ಲೇಟಿಂಗ್ ಮಾಡೋರು, ಒಬ್ಳು ಎಂಎಸ್ಸಿ ಓದೋ ಹುಡುಗಿ, ಒಬ್ರು ಭತ್ತ ಬೆಳೆಯೋರು, ಒಬ್ರು ಅಡುಗೆಮನೆಯಿಂದ ಬರೆದಿದ್ದಾರೆ. ನಾಲ್ಕೂ ಜನ ಕೇಳಿರೋದರ ಬೇರು ಒಂದೇ: ನೀರಲ್ಲಿ ಲೋಹ ಎಷ್ಟಿದೆ ಅನ್ನೋದಷ್ಟೇ ಸಾಕಾಗಲ್ಲ, ಅದು ಯಾವ ರೂಪದಲ್ಲಿದೆ ಅಂತ ಗೊತ್ತಾಗ್ಬೇಕು, ಆ ರೂಪ ಪಿಎಚ್ ಮೇಲೆ, ಅಂದ್ರೆ ನೀರು ಎಷ್ಟು ಆಸಿಡ್, ಎಷ್ಟು ಕ್ಷಾರ ಅನ್ನೋ ಅಳತೆ ಮೇಲೆ, ನಿಂತಿದೆ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಟು ಇವನ್ನೇ ತಗೊಂಡಿದೀನಿ, ಜೊತೆಗೆ ಇದೇ ಲೆಕ್ಕಕ್ಕೆ ಸಂಬಂಧಪಟ್ಟ ಇನ್ನೆರಡು ಪ್ರಶ್ನೆ.

ಪ್ರಶ್ನೆ: ಸಾರ್, ಪೀಣ್ಯದಲ್ಲಿ ನಮ್ದೊಂದು ಸಣ್ಣ ಜಿಂಕ್ ಪ್ಲೇಟಿಂಗ್ ಯುನಿಟ್ ಇದೆ. ರಿನ್ಸ್ ನೀರಿಗೆ ಕಾಸ್ಟಿಕ್ ಹಾಕಿ ಪಿಎಚ್ ಏರಿಸಿ, ಸ್ಲಡ್ಜ್ ಕೆಳಗೆ ಇಳಿದ ಮೇಲೆ ಮೇಲಿನ ನೀರು ಬಿಡ್ತೀವಿ. ಮೊದ್ಲು 9.5ಕ್ಕೆ ಇಡ್ತಿದ್ವಿ, ರಿಪೋರ್ಟ್ ಚೆನ್ನಾಗೇ ಬರ್ತಿತ್ತು. ಇನ್ನೂ ಸೇಫ್ ಆಗಿರ್ಲಿ ಅಂತ ಹುಡುಗ್ರಿಗೆ 12ರ ಮೇಲೆ ಇಡೋಕೆ ಹೇಳ್ದೆ, ಈಗ ಜಿಂಕ್ ಲೀಟರಿಗೆ 11 ಮಿಲಿಗ್ರಾಂ ಅಂತ ಬಂದಿದೆ. ಕಾಸ್ಟಿಕ್ ಜಾಸ್ತಿ ಹಾಕಿದ್ರೆ ಜಿಂಕ್ ಇನ್ನೂ ಕಮ್ಮಿ ಆಗ್ಬೇಕಲ್ವಾ? ಲ್ಯಾಬಿನೋರದ್ದೇ ತಪ್ಪಿರಬಹುದಾ?

ಉತ್ತರ: ಲ್ಯಾಬಿನವರನ್ನ ಅನುಮಾನ ಪಡಬೇಡಿ, ಅವರು ಸರಿಯಾಗೇ ಅಳೆದಿರೋ ಸಾಧ್ಯತೆ ಜಾಸ್ತಿ. ಕಾಸ್ಟಿಕ್ ಹಾಕ್ತಾ ಹೋದಷ್ಟೂ ಲೋಹ ಇಳೀತಾನೇ ಹೋಗುತ್ತೆ ಅನ್ನೋ ನಂಬಿಕೆ ಇದೆಯಲ್ಲ, ಅದು ಸತುವಿನ ವಿಷಯದಲ್ಲಿ ನಡೆಯಲ್ಲ. ನೀರಲ್ಲಿ ಆಸಿಡ್ ಇದ್ದಾಗ ಸತುವಿನ ಅಯಾನು ಸುತ್ತ ನೀರಿನ ಅಣುಗಳನ್ನ ಕಟ್ಕೊಂಡು ಎರಡು ಪ್ಲಸ್ ಚಾರ್ಜಲ್ಲಿ ಆರಾಮಾಗಿ ಕರಗಿರುತ್ತೆ. ಪಿಎಚ್ ಏರಿಸ್ತಾ ಹೋದ ಹಾಗೆ ಸುತ್ತಲಿನ ನೀರಿನ ಅಣುಗಳು ಒಂದೊಂದೇ ಹೈಡ್ರೋಜನ್ ಕಳ್ಕೊಂಡು ಹೈಡ್ರಾಕ್ಸೈಡ್ ಆಗ್ತವೆ. ಒಂದು ಹೈಡ್ರಾಕ್ಸೈಡ್ ಸೇರಿದ್ರೆ ಚಾರ್ಜ್ ಒಂದು ಪ್ಲಸ್, ಎರಡು ಸೇರಿದ್ರೆ ಚಾರ್ಜೇ ಇಲ್ಲ, ಆ ರೂಪಕ್ಕೆ ನೀರಲ್ಲಿ ಉಳ್ಕೊಳ್ಳೋ ಆಸೆ ಕಮ್ಮಿ, ಗಸಿಯಾಗಿ ಕೆಳಗೆ ಕೂರುತ್ತೆ. ನಿಮಗೆ ಬೇಕಾಗಿರೋದು ಅಷ್ಟೇ. ಆದ್ರೆ ನೀವು ಅಲ್ಲಿಗೆ ನಿಲ್ಲಿಸದೆ ಇನ್ನೂ ಕಾಸ್ಟಿಕ್ ಸುರಿದ್ರೆ ಮೂರನೇ ಹೈಡ್ರಾಕ್ಸೈಡ್ ಬಂದು ಸೇರುತ್ತೆ, ನಾಲ್ಕನೇದೂ ಸೇರುತ್ತೆ, ಈಗ ಚಾರ್ಜ್ ಮೈನಸ್ ಕಡೆಗೆ ಹೋಯ್ತು, ಮೈನಸ್ ಆದ ಸತು ಮತ್ತೆ ನೀರಿಗೆ ಇಳಿದು ಕರಗುತ್ತೆ. ಇದನ್ನೇ ಜಿಂಕೇಟ್ ಅನ್ನೋದು, ಸಯನೈಡ್ ಇಲ್ಲದ ಆಲ್ಕಲೈನ್ ಪ್ಲೇಟಿಂಗ್ ಬಾತಲ್ಲಿ (ಪ್ಲೇಟಿಂಗ್ ಮಾಡೋ ದ್ರಾವಣದಲ್ಲಿ) ಸತು ಕರಗಿರೋದು ಇದೇ ರೂಪದಲ್ಲಿ, ಅಂದ್ರೆ ನಿಮ್ಮ ಹುಡುಗ್ರು ಇಟಿಪಿ (ಕೊಳೆನೀರು ಶುದ್ಧ ಮಾಡೋ ಘಟಕ) ಟ್ಯಾಂಕಲ್ಲೇ ತೆಳ್ಳಗೆ ಒಂದು ಪ್ಲೇಟಿಂಗ್ ಬಾತ್ ತಯಾರು ಮಾಡಿದ್ದಾರೆ.

ಸಂಖ್ಯೆಯಲ್ಲಿ ನೋಡಿ. 25 ಡಿಗ್ರಿಯಲ್ಲಿ, ಬೇರೆ ಏನೂ ಬೆರೆಯದ ನೀರಲ್ಲಿ, ಜಿಂಕ್ ಹೈಡ್ರಾಕ್ಸೈಡ್ ಗಸಿ ತಳದಲ್ಲಿರುವಾಗ ಮೇಲಿನ ನೀರಲ್ಲಿ ಎಷ್ಟು ಸತು ಉಳಿಯಬಹುದು ಅಂತ ಲೆಕ್ಕ ಹಾಕಿದ್ರೆ ಪಿಎಚ್ 7ಕ್ಕೆ ಲೀಟರಿಗೆ ಸುಮಾರು 209 ಮಿಲಿಗ್ರಾಂ ಬರುತ್ತೆ, 8ಕ್ಕೆ 2.6, 9ಕ್ಕೆ 0.3, 9.5ಕ್ಕೂ 10ಕ್ಕೂ 0.27, 11ಕ್ಕೆ 0.34, 12ಕ್ಕೆ 1.2, 12.7ಕ್ಕೆ 7.7, 13ಕ್ಕೆ 21ರ ಮೇಲೆ. ಒಂದು ಬಾಣಲೆ ಥರ ಇದೆ ಅಲ್ವಾ, ಎರಡೂ ಅಂಚು ಎತ್ತರ, ತಳ 9ರಿಂದ 10.5ರವರೆಗೆ ಚಪ್ಪಟೆ. ಮತ್ತೆ ಇದು ಹಳತಾಗಿ ಗಟ್ಟಿಯಾದ ಗಸಿಯ ಲೆಕ್ಕ, ಈಗಷ್ಟೇ ಇಳಿದ ಹಸಿ ಗಸಿ ಇದರ ಹಲವು ಪಟ್ಟು ಕರಗುತ್ತೆ, ಹಾಗಾಗಿ 12ರ ಮೇಲೆ ನಿಮಗೆ 11 ಬಂದಿದ್ದು ನಂಗೇನೂ ಆಶ್ಚರ್ಯ ಆಗ್ಲಿಲ್ಲ. ಕೇಂದ್ರದ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಕೆರೆ ಹೊಳೆಗೆ ಬಿಡೋ ನೀರಲ್ಲಿ ಸತು 5 ಮಿಲಿಗ್ರಾಂ ದಾಟಬಾರದು, ಪಿಎಚ್ 5.5ರಿಂದ 9ರ ಒಳಗಿರಬೇಕು. ಅಂದ್ರೆ 9.5ರಲ್ಲಿ ಗಸಿ ಇಳಿಸಿ, ಸೋಸಿ, ಗಸಿ ಪೂರ್ತಿ ಬೇರೆ ಆದ ಮೇಲೆ ಮಾತ್ರ ಸ್ವಲ್ಪ ಆಸಿಡ್ ಹಾಕಿ 9ರ ಕೆಳಗೆ ತಂದು ಬಿಡ್ಬೇಕು. ಗಸಿ ಇರುವಾಗಲೇ ಆಸಿಡ್ ಹಾಕಿದ್ರೆ ಇಳಿದಿದ್ದೆಲ್ಲ ಮತ್ತೆ ಮೇಲೆ ಬರುತ್ತೆ, ಈ ತಪ್ಪು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದೀನಿ.

ಇನ್ನೊಂದು, ನಿಮ್ಮ ಮೀಟರ್. ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯವರು ಕರೆದಿದ್ರು ಅಂತ ಹೋಗಿದ್ದೆ, ಟ್ಯಾಂಕಿನ ಪಕ್ಕ ಮೊಳೆಗೆ ನೇತು ಹಾಕಿದ್ದ ಕೈಮೀಟರು 9.6 ತೋರಿಸ್ತಿತ್ತು, ಪ್ರೋಬಿನ ತುದಿ ಒಣಗಿ ಬಿಳಿ ಪೊರೆ ಕಟ್ಟಿತ್ತು, ನನ್ನ ಚೀಲದಲ್ಲಿದ್ದ 10ರ ಬಫರಲ್ಲಿ (ಪಿಎಚ್ ಇಷ್ಟೇ ಅಂತ ಖಚಿತವಾಗಿ ಗೊತ್ತಿರೋ ದ್ರಾವಣ) ಅದ್ದಿ ನೋಡಿದ್ರೆ 8.7 ಅಂತು. ಅಲ್ಲಿದ್ದ ಹುಡುಗ ದಿನಾ ನಿಯತ್ತಾಗಿ ಪುಸ್ತಕದಲ್ಲಿ 9.6 ಅಂತ ಬರೀತಿದ್ದ, ಪಾಪ ಅವನಿಗೆ ಬಫರ್ ಅನ್ನೋದೊಂದು ಇದೆ ಅಂತಲೇ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಒಂದು ಸಲ 7 ಮತ್ತು 10ರ ಬಫರಲ್ಲಿ ಚೆಕ್ ಮಾಡಿಸಿ. 12ರ ಮೇಲಂತೂ ಗಾಜಿನ ಪ್ರೋಬನ್ನ ನಂಬೋಕೇ ಆಗಲ್ಲ, ಕಾಸ್ಟಿಕ್ಕಲ್ಲಿರೋ ಸೋಡಿಯಂ ಅದಕ್ಕೆ ಹೈಡ್ರೋಜನ್ ಥರಾನೇ ಕಾಣಿಸಿ ನಿಜಕ್ಕಿಂತ ಕಮ್ಮಿ ಪಿಎಚ್ ತೋರಿಸುತ್ತೆ, ಹಾಗಾಗಿ ನಿಮ್ಮ ಮೀಟರ್ ತೋರಿಸಿದ 12 ನಿಜವಾಗ್ಲೂ ಅದಕ್ಕಿಂತ ಜಾಸ್ತಿನೇ ಇದ್ದಿರಬಹುದು.

9.5ಕ್ಕೆ ವಾಪಸ್ ಬಂದ ಮೇಲೂ ಜಿಂಕ್ ಜಾಸ್ತಿ ಬಂದ್ರೆ ಎರಡು ಕಡೆ ಹುಡುಕಿ. ಒಂದು, ಸ್ಯಾಂಪಲ್ ಅಕ್ಕಿ ತೊಳೆದ ನೀರಿನ ಥರ ಮಬ್ಬಾಗಿತ್ತಾ? ಲೋಹ ಅಳೆಯೋ ಸ್ಯಾಂಪಲ್‌ಗೆ ಕೆಡದಿರಲಿ ಅಂತ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ರ ಕೆಳಗೆ ತರ್ತಾರೆ, ಆಗ ತೇಲಾಡ್ತಿದ್ದ ಗಸಿ ಕಣವೆಲ್ಲ ಕರಗಿ ಲೆಕ್ಕಕ್ಕೆ ಸೇರುತ್ತೆ. ಅದು ಪಿಎಚ್ ತಪ್ಪಲ್ಲ, ಸೋಸುವಿಕೆಯ ತಪ್ಪು. ಎರಡನೇದು ನಿಮ್ಮ ಬಾತ್ ಯಾವುದು ಅನ್ನೋದು, ಪತ್ರದಲ್ಲಿ ಬರೆದಿಲ್ಲ. ಅಮೋನಿಯಂ ಕ್ಲೋರೈಡ್ ಇರೋ ಆಸಿಡ್ ಜಿಂಕ್ ಬಾತಾದ್ರೆ ಪಿಎಚ್ 9.25ರ ಹತ್ರ ಅಮೋನಿಯಂನಲ್ಲಿ ಅರ್ಧ ಅಮೋನಿಯಾ ಆಗಿ ಬಿಡುಗಡೆ ಆಗುತ್ತೆ, ಅದು ಸತುವನ್ನ ನಾಲ್ಕೂ ಕಡೆಯಿಂದ ತಬ್ಬಿ ಹಿಡ್ಕೊಳ್ಳುತ್ತೆ, ಗಸಿ ಆಗೋಕೇ ಬಿಡಲ್ಲ. ಲೀಟರಿಗೆ 5 ಗ್ರಾಂ ಚಿಲ್ಲರೆ ಅಮೋನಿಯಂ ಕ್ಲೋರೈಡ್ ಇದ್ರೆ ಮೇಲೆ ಹೇಳಿದ 0.27 ಹೋಗಿ ಹತ್ತಾರು ಮಿಲಿಗ್ರಾಂ ಆಗುತ್ತೆ. ರಿನ್ಸ್ ನೀರಲ್ಲಿ ಅಷ್ಟು ಇರಲ್ಲ, ಹಳೇ ಬಾತನ್ನ ಒಟ್ಟಿಗೆ ಸುರಿದ ದಿನ ಇರುತ್ತೆ. ಇನ್ನು ಸಯನೈಡ್ ಬಾತ್ ಆಗಿದ್ರೆ ದಯವಿಟ್ಟು ಆ ನೀರಿಗೆ ಆಸಿಡ್ ಅಥವಾ ಆಸಿಡ್ ರಿನ್ಸ್ ಸೇರಿಸೋ ಯೋಚನೆಯನ್ನೇ ಮಾಡಬೇಡಿ, ಹೈಡ್ರೋಜನ್ ಸಯನೈಡ್ ಗ್ಯಾಸ್ ಎದ್ದು ಜೀವ ಹೋಗುತ್ತೆ. ಆ ನೀರನ್ನ ಬೇರೆ ಟ್ಯಾಂಕಲ್ಲಿ ಮೊದಲು ಕ್ಷಾರದಲ್ಲೇ ಇಟ್ಟು ಹೈಪೋಕ್ಲೋರೈಟ್ ಹಾಕಿ ಸಯನೈಡ್ ನಾಶ ಮಾಡಿ ಆಮೇಲೆ ಉಳಿದಿದ್ದು.

ನಾಳೆ ಬೆಳಿಗ್ಗೆ ಒಂದು ಕೆಲ್ಸ ಮಾಡಿ. ಐದು ಒಂದು ಲೀಟರ್ ಬೀಕರ್ ತಗೊಂಡು ನಿಮ್ಮದೇ ನೀರು ತುಂಬಿ 8.5, 9, 9.5, 10, 11ಕ್ಕೆ ಪಿಎಚ್ ಇಟ್ಟು, ಕಲಕಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿ ಸೋಸಿ ಐದನ್ನೂ ಲ್ಯಾಬಿಗೆ ಕಳಿಸಿ. ನನ್ನ ಲೆಕ್ಕಕ್ಕಿಂತ ನಿಮ್ಮ ನೀರು ಹೇಳೋದೇ ಕೊನೇ ಮಾತು.

ಪ್ರಶ್ನೆ: ಸರ್ರ, ನಾ ಧಾರವಾಡದಾಗ ಎಂಎಸ್ಸಿ ಓದಾಕತ್ತೀನಿ. ಜಿಂಕಿನ ಸ್ಪೀಶೀಸ್, ಅಂದ್ರ ಅದರ ಬ್ಯಾರೆ ಬ್ಯಾರೆ ರೂಪ, ಪಿಎಚ್ ಜೋಡಿ ಹ್ಯಾಂಗ ಹಂಚಿಕೋತಾವು ಅಂತ ಲೆಕ್ಕ ಮಾಡಿ ಗ್ರಾಫ್ ತಗೀರಿ ಅಂದಾರ. ಟೇಬಲ್‌ನ್ಯಾಗಿನ ಲಾಗ್ ಬೀಟಾ 5.04, 11.1, 13.6, 14.8 ತಗೊಂಡು ಎಕ್ಸೆಲ್‌ನ್ಯಾಗ ಹಾಕಿದ್ರ ಪಿಎಚ್ 2ಕ್ಕನ ಎಲ್ಲಾ ಜಿಂಕ್ ನಾಲ್ಕು ಹೈಡ್ರಾಕ್ಸೈಡ್ ಇರೋದ ಆಗಿ ಬರ್ತದ. ಮೂರು ದಿನ ಆತು, ಎಲ್ಲಿ ತಪ್ಪೇನಿ ತಿಳೀವಲ್ದ್ರಿ.

ಉತ್ತರ: ತಂಗಿ, ನಿನ್ನ ಫಾರ್ಮುಲಾ ತಪ್ಪಿಲ್ಲ, ನಿನ್ನ ಟೇಬಲ್ಲೂ ತಪ್ಪಿಲ್ಲ, ಎರಡಕ್ಕೂ ಜೋಡಿ ಆಗ್ತಿಲ್ಲ ಅಷ್ಟೇ. ಲಾಗ್ ಬೀಟಾ ಅಂದ್ರೆ ಲೋಹ ಹೈಡ್ರಾಕ್ಸೈಡನ್ನ ಎಷ್ಟು ಗಟ್ಟಿಯಾಗಿ ಹಿಡಿಯುತ್ತೆ ಅಂತ ಹೇಳೋ ಸ್ಥಿರಾಂಕ, ಇಂಥ ಸ್ಥಿರಾಂಕಗಳನ್ನ ಬರೆಯೋಕೆ ಎರಡು ಪದ್ಧತಿ ಇದೆ. ಒಂದು, ಲೋಹ ಹೈಡ್ರಾಕ್ಸೈಡ್ ಅಯಾನನ್ನ ಹೊರಗಿಂದ ತಗೊಳ್ತು ಅಂತ ಬರೆಯೋದು. ಇನ್ನೊಂದು, ಲೋಹ ನೀರನ್ನ ತಗೊಂಡು ಹೈಡ್ರೋಜನ್ ಅಯಾನನ್ನ ಆಚೆ ಬಿಡ್ತು ಅಂತ ಬರೆಯೋದು. ಕ್ರಿಯೆ ಒಂದೇ, ಆದ್ರೆ ನಡುವೆ ನೀರಿನ ಸ್ಥಿರಾಂಕ 14 ಬಂದು ಕೂರುತ್ತೆ. ನೀನು ತಗೊಂಡಿರೋ ನಾಲ್ಕು ಸಂಖ್ಯೆ ಮೊದಲನೇ ಥರದ್ದು, ಎಕ್ಸೆಲ್‌ಗೆ ಹಾಕಿರೋ ಫಾರ್ಮುಲಾ ಎರಡನೇ ಥರದ್ದು. ಒಂದು ಹೈಡ್ರಾಕ್ಸೈಡ್ ಇರೋದರಿಂದ 14 ಕಳಿ, ಎರಡು ಇರೋದರಿಂದ 28, ಮೂರರಿಂದ 42, ನಾಲ್ಕರಿಂದ 56. ಆಗ -8.96, -16.9, -28.4, -41.2 ಬರುತ್ತೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಬೇಸ್ ಮತ್ತು ಮೆಸ್ಮರ್ 1976ರಲ್ಲಿ ಲೋಹಗಳ ಹೈಡ್ರಾಲಿಸಿಸ್ (ನೀರಿನ ಜೊತೆಗಿನ ಈ ಕ್ರಿಯೆ) ಬಗ್ಗೆ ಒಟ್ಟುಗೂಡಿಸಿದ ಸಂಖ್ಯೆಗಳು ಇವೇ, ಈಗಲೂ ಪಾಠಕ್ಕೆ ಇವನ್ನೇ ಬಳಸ್ತಾರೆ.

ಈಗ ಎಕ್ಸೆಲ್ ಮುಚ್ಚಿಟ್ಟು ಒಂದೇ ಒಂದು ಪಿಎಚ್‌ಗೆ ಪೆನ್ನು ಹಿಡಿದು ಮಾಡು, ಪಿಎಚ್ 9. ಬರೀ ಜಿಂಕಿಗೆ, ಅಂದ್ರೆ ಏನೂ ಅಂಟದ ಎರಡು ಪ್ಲಸ್ ಅಯಾನಿಗೆ, 1 ಅಂತ ಬೆಲೆ ಇಟ್ಕೋ. ಉಳಿದವರ ಬೆಲೆ ಇದರ ಹೋಲಿಕೆಯಲ್ಲಿ. ಒಂದು ಹೈಡ್ರಾಕ್ಸೈಡ್ ಇರೋದಕ್ಕೆ 10ರ ಘಾತ (9 - 8.96), ಅಂದ್ರೆ 10ರ ಘಾತ 0.04, ಸುಮಾರು 1.1. ಎರಡು ಇರೋದಕ್ಕೆ 10ರ ಘಾತ (18 - 16.9), 12.6. ಮೂರು ಇರೋದಕ್ಕೆ 10ರ ಘಾತ (27 - 28.4), 0.04. ನಾಲ್ಕನೇದು 10ರ ಘಾತ (36 - 41.2), ಲೆಕ್ಕಕ್ಕೇ ಬೇಡ. ಎಲ್ಲ ಕೂಡಿಸು, 14.7. ಇದೇ ನಿನ್ನ ಛೇದ. ಒಬ್ಬೊಬ್ಬರ ಬೆಲೆಯನ್ನೂ ಇದರಿಂದ ಭಾಗಿಸಿದ್ರೆ ಅವರವರ ಪಾಲು: ಬರೀ ಜಿಂಕ್ ಶೇಕಡಾ 6.8, ಒಂದು ಹೈಡ್ರಾಕ್ಸೈಡ್ ಇರೋದು 7.4, ಎರಡು ಇರೋದು 85.5, ಮೂರು ಇರೋದು 0.3. ಪಾಲು ಕೂಡಿದ್ರೆ 100 ಬರಬೇಕು, ಬರದಿದ್ರೆ ಅಲ್ಲೇ ನಿಲ್ಲು, ಮುಂದೆ ಹೋಗಬೇಡ.

ಇಷ್ಟೇ ಲೆಕ್ಕ. ಪಿಎಚ್ ಬದಲಾಯಿಸಿ ಮತ್ತೆ ಮತ್ತೆ ಮಾಡೋದು. 8ಕ್ಕೆ ಮಾಡಿದ್ರೆ ಬರೀ ಜಿಂಕೇ 81, 10ಕ್ಕೆ ಹೋದ್ರೆ ಎರಡು ಹೈಡ್ರಾಕ್ಸೈಡ್ ಇರೋದು 96, 12ಕ್ಕೆ ಹೋದ್ರೆ ಮೂರು ಇರೋದು 68, ನಾಲ್ಕು ಇರೋದು 11, ಎರಡು ಇರೋದು 21ಕ್ಕೆ ಇಳಿದಿರುತ್ತೆ. ಗಮನಿಸು, ನೀರಲ್ಲಿ ಒಟ್ಟು ಎಷ್ಟು ಜಿಂಕ್ ಇದೆ ಅಂತ ನಾವು ಎಲ್ಲೂ ಕೇಳಲೇ ಇಲ್ಲ, ಭಾಗಾಕಾರದಲ್ಲಿ ಅದು ಹೊಡೆದುಹೋಗುತ್ತೆ. ಒಂದೊಂದು ರೂಪದಲ್ಲೂ ಒಂದೇ ಲೋಹದ ಪರಮಾಣು ಇರೋವರೆಗೆ ಮಾತ್ರ ಈ ಸುಖ, ಇದರ ಬಗ್ಗೆ ಕೆಳಗೆ ಶಿವಮೊಗ್ಗದವರ ಪ್ರಶ್ನೆಗೆ ಬರೆದಿದೀನಿ, ಓದು.

ಗ್ರಾಫ್ ಬರೆದ ಮೇಲೆ ನಿಂಗೊಂದು ಅನುಮಾನ ಬಂದೇ ಬರುತ್ತೆ, ಈಗಲೇ ಹೇಳಿಬಿಡ್ತೀನಿ. ಒಂದು ಹೈಡ್ರಾಕ್ಸೈಡ್ ಇರೋ ರೂಪದ ಗೆರೆ ಯಾವ ಪಿಎಚ್‌ನಲ್ಲೂ ಮೇಲೆ ಬರಲ್ಲ, 8.45ರ ಹತ್ರ 13 ಚಿಲ್ಲರೆಗೆ ಏರಿ ಇಳಿದುಬಿಡುತ್ತೆ. ತಪ್ಪಾಯ್ತು ಅಂತ ಅಳಿಸಬೇಡ. ಮೊದಲ ಹೆಜ್ಜೆಗೆ 8.96 ಬೇಕು, ಎರಡನೇ ಹೆಜ್ಜೆಗೆ 16.9ರಲ್ಲಿ 8.96 ಕಳೆದ್ರೆ 7.94 ಸಾಕು, ಅಂದ್ರೆ ಎರಡನೇದು ಮೊದಲನೇದಕ್ಕಿಂತ ಸಲೀಸು, ಹಾಗಾಗಿ ನಡುವಿನವನಿಗೆ ನಿಲ್ಲೋಕೆ ಜಾಗವೇ ಸಿಗಲ್ಲ. ನಂಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗೋ ಜಾಗ ಇದು, ನಾಲ್ಕು ಸಂಖ್ಯೆ ಸುಮ್ಮನೆ ನೋಡಿದ್ರೆ ಕಾಣಲ್ಲ, ಕಳೆದು ನೋಡಿದಾಗಲೇ ಕಾಣೋದು. ಗೆರೆಗಳು ಒಂದನ್ನೊಂದು ದಾಟೋ ಜಾಗಗಳೂ ಹೀಗೇ ಸಿಗ್ತವೆ: ಬರೀ ಜಿಂಕ್ ಮತ್ತು ಎರಡು ಹೈಡ್ರಾಕ್ಸೈಡ್ ಇರೋದು ಸಮ ಆಗೋದು 16.9ರ ಅರ್ಧದಲ್ಲಿ, 8.45. ಎರಡು ಮತ್ತು ಮೂರು ಸಮ ಆಗೋದು 11.5ರಲ್ಲಿ, ಮೂರು ಮತ್ತು ನಾಲ್ಕು 12.8ರಲ್ಲಿ. ಈ ಮೂರು ಬಿಂದು ಮೊದಲು ಗುರುತು ಹಾಕಿಕೊಂಡ್ರೆ ಗ್ರಾಫ್ ಅರ್ಧ ಮುಗಿದ ಹಾಗೆ, ಎಕ್ಸೆಲ್ ಏನಾದ್ರೂ ತಪ್ಪು ಬರೆದ್ರೆ ತಕ್ಷಣ ಗೊತ್ತಾಗುತ್ತೆ.

ಇನ್ನೊಂದು ಮುಖ್ಯವಾದ್ದು, ವೈವಾದಲ್ಲಿ ಕೇಳ್ತಾರೆ. ಈ ಪಾಲು ಕರಗಿರೋ ಜಿಂಕಿಗೆ ಮಾತ್ರ ಸಂಬಂಧಪಟ್ಟದ್ದು. ಗಸಿ ಬರುತ್ತಾ ಇಲ್ವಾ ಅನ್ನೋದು ಬೇರೆ ಪರೀಕ್ಷೆ. ಜಿಂಕ್ ಹೈಡ್ರಾಕ್ಸೈಡ್ ಗಸಿ ಇದ್ರೆ ಬರೀ ಜಿಂಕಿನ ಮೊತ್ತ 10ರ ಘಾತ (11.5 - ಪಿಎಚ್‌ನ ಎರಡರಷ್ಟು) ಮೋಲ್‌ಗಿಂತ ಜಾಸ್ತಿ ಇರೋಕಾಗಲ್ಲ. ಇದನ್ನ ಛೇದದಿಂದ ಗುಣಿಸಿದ್ರೆ ಒಟ್ಟು ಕರಗುವಿಕೆ. ಪೀಣ್ಯದವರಿಗೆ ಕೊಟ್ಟ ಸಂಖ್ಯೆಗಳೆಲ್ಲ ಹೀಗೇ ಬಂದಿದ್ದು, ಮೋಲನ್ನ 65.38ರಿಂದ ಗುಣಿಸಿ ಗ್ರಾಂ ಮಾಡಿದೀನಿ, ನೀನೂ ಒಂದೆರಡು ತಾಳೆ ನೋಡು. ನಿನ್ನ ದ್ರಾವಣ ಲೀಟರಿಗೆ ಒಂದು ಮಿಲಿಮೋಲ್ ಆದ್ರೆ ಪಿಎಚ್ 7.25 ದಾಟಿದಾಗಲೇ ಗಸಿ ಶುರು, ಅಂದ್ರೆ ಪಿಎಚ್ 9ರಲ್ಲಿ ಶೇಕಡಾ 85.5 ಅಂತ ಗ್ರಾಫಲ್ಲಿ ತೋರಿಸಿರೋದು ಬೀಕರಿನ ಒಟ್ಟು ಜಿಂಕಿನ 85.5 ಅಲ್ಲವೇ ಅಲ್ಲ, ಬಹುಪಾಲು ತಳದಲ್ಲಿ ಬಿಳಿಯಾಗಿ ಕೂತಿರುತ್ತೆ. ಈ ವ್ಯತ್ಯಾಸ ಬರೆಯದೆ ಬಿಟ್ಟ ಗ್ರಾಫ್ ನೋಡಿದ್ರೆ ನಂಗೆ ಬೇಜಾರಾಗುತ್ತೆ. ಜೊತೆಗೆ ಉಪ್ಪು ಜಾಸ್ತಿ ಇರೋ ನೀರಾದ್ರೆ, ಬಿಸಿಯಾದ್ರೆ ಸ್ಥಿರಾಂಕ ಸರಿಯುತ್ತೆ. 25 ಡಿಗ್ರಿಯಲ್ಲಿ 14 ಇರೋ ನೀರಿನ ಸಂಖ್ಯೆ 40 ಡಿಗ್ರಿಯಲ್ಲಿ 13.5, ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಲ್ಲಿ ನಿಂತ ಟ್ಯಾಂಕಿಗೆ 14 ಹಾಕಿ ಲೆಕ್ಕ ಮಾಡಿದ್ರೆ ಹೈಡ್ರಾಕ್ಸೈಡ್ ಮೂರು ಪಟ್ಟು ತಪ್ಪುತ್ತೆ.

ಪಿಎಚ್ ಅನ್ನೋ ಅಳತೆಯನ್ನ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸೆನ್ ತಂದಿದ್ದು 1909ರಲ್ಲಿ, ಆಮೇಲೆ ಸ್ಟಾಕ್‌ಹೋಮ್‌ನ ಸಿಲ್ಲೆನ್ ಇಂಥ ಲಾಗ್ ಗ್ರಾಫುಗಳನ್ನ ಕೈಯಲ್ಲೇ ಬರೆದು ಒಂದು ತಲೆಮಾರಿಗೆ ಕಲಿಸಿದ್ರು, ಕಂಪ್ಯೂಟರ್ ಬರೋ ಮೊದಲೇ. ನೀನೂ ಒಂದು ಸಲ ಕೈಯಲ್ಲಿ ಬರೆ.

ಪ್ರಶ್ನೆ: ಸರ್, ನಮ್ಮದು ಗಂಗಾವತಿ ಕಡೆ ಎರಿ ಭೂಮಿ, ಭತ್ತ ಹಚ್ಚೀವಿ. ನಾಟಿ ಮಾಡಿ ಮೂರು ವಾರಕ್ಕ ಎಲಿ ಮ್ಯಾಲೆ ಕಂದು ಚುಕ್ಕಿ ಬಿದ್ದು ಬೆಳಿ ಕುಂತಬಿಟ್ಟೈತಿ. ಜಿಂಕ್ ಕಮ್ಮಿ ಅಂತಾರ. ಮಣ್ಣಾಗ ಜಿಂಕ್ ಐತಿ ಅಂತ ಹಿಂದ ಒಬ್ರು ಹೇಳಿದ್ರು, ಪಿಎಚ್ 8.4 ಐತಿ. ಇದ್ದದ್ದು ಬೆಳಿಗೆ ಯಾಕ ಸಿಗವಲ್ದು?

ಉತ್ತರ: ಯಜಮಾನ್ರೇ, ಮೇಲಿನ ಹುಡುಗಿಗೆ ಬರೆದ ಲೆಕ್ಕವೇ ನಿಮ್ಮ ಗದ್ದೆಯಲ್ಲೂ ನಡೀತಿದೆ. ಬೇರು ಸುಲಭವಾಗಿ ಎಳ್ಕೊಳ್ಳೋದು ಬರೀ ಜಿಂಕ್ ರೂಪವನ್ನ. ಗಸಿಯ ಜೊತೆ ಸಮತೋಲನದಲ್ಲಿದ್ರೆ ಪಿಎಚ್ ಒಂದು ಏರಿದಾಗ ಆ ರೂಪ ನೂರು ಪಟ್ಟು ಕಮ್ಮಿ ಆಗುತ್ತೆ, ಲೆಕ್ಕದ ಪ್ರಕಾರ. ಮಣ್ಣಲ್ಲಿ ಜೇಡಿ, ಸುಣ್ಣಕಲ್ಲು, ಗೊಬ್ಬರದ ಅಂಶ ಎಲ್ಲ ಹಿಡಿದಿಟ್ಕೊಳ್ಳೋದರಿಂದ ಇಳಿತ ಅಷ್ಟೇ ನಿಖರವಾಗಿರಲ್ಲ, ಆದ್ರೆ ದಿಕ್ಕು ಅದೇ. ಕೆಜಿ ಮಣ್ಣಲ್ಲಿ ಹತ್ತಾರು ಮಿಲಿಗ್ರಾಂ ಸತು ಇದ್ರೂ ಬೇರಿನ ಬಾಯಿಗೆ ಸಿಗೋದು ಬಹಳ ಅಲ್ಪ. ಅದಕ್ಕೇ ಒಟ್ಟು ಸತು ಕೇಳಬೇಡಿ, ಡಿಟಿಪಿಎ ಪರೀಕ್ಷೆ ಕೇಳಿ, ಅದು ಬೆಳೆಗೆ ಸಿಗೋ ಪಾಲನ್ನ ಹೇಳುತ್ತೆ, ಕೆಜಿಗೆ 0.6 ಮಿಲಿಗ್ರಾಂಗಿಂತ ಕಮ್ಮಿ ಇದ್ರೆ ಕೊರತೆ ಅಂತ ಸಾಮಾನ್ಯವಾಗಿ ತಗೊಳ್ತಾರೆ. ನೀವು ಬರೆದ ಲಕ್ಷಣವನ್ನ ಖೈರಾ ರೋಗ ಅಂತಾರೆ, 1960ರ ದಶಕದಲ್ಲಿ ಪಂತನಗರದ ವೈ.ಎಲ್. ನೆನೆ ಅವರು ಇದು ರೋಗಾಣುವಿನಿಂದಲ್ಲ, ಸತುವಿನ ಕೊರತೆಯಿಂದ ಅಂತ ತೋರಿಸಿಕೊಟ್ಟಿದ್ದು. ನೀರು ನಿಲ್ಲಿಸಿದ ಗದ್ದೆಯಲ್ಲಿ ಬೈಕಾರ್ಬೊನೇಟ್ ಏರಿ ಇದು ಇನ್ನೂ ಜಾಸ್ತಿ ಆಗುತ್ತೆ, ಹಾಗಾಗಿ ಒಂದೆರಡು ಸಲ ನೀರು ಬಸಿದು ಗದ್ದೆಗೆ ಗಾಳಿ ಆಡೋಕೆ ಬಿಟ್ರೆ ಅನುಕೂಲ.

ಈಗ ತುರ್ತಿಗೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣದ ತಿಳಿ ಸೇರಿಸಿ ಎಲೆಗೆ ಸಿಂಪಡಿಸೋದು ರೂಢಿಯಲ್ಲಿದೆ, ಮಣ್ಣಿನ ಪಿಎಚ್‌ನ ಗೋಜೇ ಇಲ್ಲದೆ ಎಲೆಯಿಂದ ಹೋಗುತ್ತೆ. ಮುಂದಿನ ಸಲ ನಾಟಿಗೆ ಮೊದಲು ಎಕರೆಗೆ 8ರಿಂದ 10 ಕೆಜಿ ಜಿಂಕ್ ಸಲ್ಫೇಟ್ ಹಾಕಿ, ಆದ್ರೆ ಡಿಎಪಿ ಗೊಬ್ಬರದ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಬೇಡಿ, ರಂಜಕ ಸತುವನ್ನ ಹಿಡ್ಕೊಂಡು ಕರಗದ ಹಾಗೆ ಮಾಡಿಬಿಡುತ್ತೆ. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಮಣ್ಣಿಗೆ ತಕ್ಕ ಪ್ರಮಾಣ ಒಂದು ಸಲ ಕೇಳ್ಕೊಳ್ಳಿ.

ಪ್ರಶ್ನೆ: ಅತ್ತೆಯವರ ಕಾಲದ ದೊಡ್ಡ ಹಿತ್ತಾಳೆ ಪಾತ್ರೆ ಅಟ್ಟದಿಂದ ಇಳಿಸಿದೀನಿ, ಒಳಗಿನ ಕಲಾಯಿ ಅಲ್ಲಲ್ಲಿ ಹೋಗಿದೆ. ಮಗನ ಹುಟ್ಟುಹಬ್ಬಕ್ಕೆ ಅದರಲ್ಲೇ ಹುಳಿ ಮಾಡೋಣ ಅಂತ ಆಸೆ. ಮಾಡಬಹುದಾ ಮೇಷ್ಟ್ರೇ? (ಮೈಸೂರಿನಿಂದ)

ಉತ್ತರ: ಬೇಡಿ ಅಮ್ಮಾ, ಮೊದಲು ಕಲಾಯಿ ಹಾಕಿಸಿ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ನೀವು ಆ ಪಾತ್ರೆಯ ಹೊರಗನ್ನ ಹುಣಸೆಹಣ್ಣು ಹಚ್ಚಿ ಉಜ್ಜಿರ್ತೀರಲ್ಲ, ಕಪ್ಪಾಗಿದ್ದು ಕ್ಷಣದಲ್ಲಿ ಬಂಗಾರದ ಥರ ಹೊಳೆಯುತ್ತಲ್ಲ, ಆ ಹೊಳಪು ಬಂದಿದ್ದು ಮೇಲಿನ ಲೋಹದ ಪೊರೆ ಹುಳಿಯಲ್ಲಿ ಕರಗಿದ್ದರಿಂದ. ತೊಳೆದ ನೀರಲ್ಲಿ ಅದು ಹೋಗುತ್ತೆ, ಆದ್ರೆ ಒಳಗೆ ಹುಳಿ ಕುದಿಸಿದ್ರೆ ಅದೇ ಕೆಲ್ಸ ನಡೆದು ಕರಗಿದ್ದು ಊಟದಲ್ಲಿ ಉಳಿಯುತ್ತೆ. ಹುಣಸೆಯಲ್ಲಿರೋ ಟಾರ್ಟಾರಿಕ್ ಆಸಿಡ್ ಎರಡು ಕೆಲ್ಸ ಮಾಡುತ್ತೆ, ಪಿಎಚ್ ಇಳಿಸಿ ಲೋಹವನ್ನ ಕರಗೋ ರೂಪಕ್ಕೆ ತರುತ್ತೆ, ಕರಗಿದ್ದನ್ನ ಹಿಡ್ಕೊಂಡು ಮತ್ತೆ ಗಸಿಯಾಗದ ಹಾಗೆ ಇಟ್ಕೊಳ್ಳುತ್ತೆ, ಪೀಣ್ಯದವರ ಅಮೋನಿಯಾ ಮಾಡಿದ ಹಾಗೇ. ತಾಮ್ರ ಜಾಸ್ತಿ ಹೋದ್ರೆ ಹೊಟ್ಟೆ ತೊಳೆಸೋದು, ವಾಂತಿ. ಹಿರಿಯರು ಕಿಲುಬು ಹಿಡಿದ ಪಾತ್ರೆಯಲ್ಲಿ ಮಜ್ಜಿಗೆ, ಹುಳಿ ಇಡಬೇಡಿ ಅಂತಿದ್ದು ಅನುಭವದಿಂದ. ಕಲಾಯಿ ಹಾಕೋರಿಗೆ ಶುದ್ಧ ತವರವೇ ಬೇಕು, ಸೀಸ ಬೆರೆಸಿದ್ದು ಬೇಡ ಅಂತ ಖಡಾಖಂಡಿತವಾಗಿ ಹೇಳಿ, ಸೀಸ ಮಕ್ಕಳಿಗೆ ತುಂಬಾ ಕೆಟ್ಟದ್ದು. ಕಲಾಯಿ ಆದ ಮೇಲೂ ಅಡುಗೆ ಆದ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿಬಿಡಿ. ಕಲಾಯಿ ಹಾಕಿಸೋವರೆಗೆ ಪಾತ್ರೆಯಲ್ಲಿ ಹೂವಿಟ್ರೂ ಚೆಂದ ಕಾಣುತ್ತೆ.

ಪ್ರಶ್ನೆ: ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಕಿತ್ತಳೆ ಬಣ್ಣದ ಡೈಕ್ರೋಮೇಟ್‌ಗೆ ಕ್ಷಾರ ಹಾಕಿದ್ರೆ ಹಳದಿ, ಆಸಿಡ್ ಹಾಕಿದ್ರೆ ಮತ್ತೆ ಕಿತ್ತಳೆ ಅಂತ ಮಕ್ಕಳಿಗೆ ತೋರಿಸ್ತೀನಿ. ಇದಕ್ಕೂ ಪಿಎಚ್ ಜೊತೆ ಪಾಲು ಲೆಕ್ಕ ಹಾಕಬಹುದಾ?

ಉತ್ತರ: ಹಾಕಬಹುದು ಸಾರ್, ಆದ್ರೆ ಜಿಂಕಿನ ಸುಲಭದ ದಾರಿ ಇಲ್ಲಿ ಪೂರ್ತಿ ನಡೆಯಲ್ಲ. ಹಳದಿ ಕ್ರೋಮೇಟ್ ಒಂದು ಹೈಡ್ರೋಜನ್ ತಗೊಂಡು ಹೈಡ್ರೋಜನ್ ಕ್ರೋಮೇಟ್ ಆಗೋದು ಪಿಎಚ್ 6.5ರ ಹತ್ರ, ಇಲ್ಲಿವರೆಗೆ ಸಲೀಸು. ಆದ್ರೆ ಅಂಥ ಎರಡು ಸೇರಿ ಒಂದು ನೀರಿನ ಅಣು ಬಿಟ್ಟು ಡೈಕ್ರೋಮೇಟ್ ಆಗುತ್ತೆ. ಒಂದೇ ರೂಪದಲ್ಲಿ ಎರಡು ಕ್ರೋಮಿಯಂ ಬಂತು, ಒಟ್ಟು ಮೊತ್ತ ಇನ್ನು ಹೊಡೆದುಹೋಗಲ್ಲ, ವರ್ಗ ಸಮೀಕರಣ ಬಿಡಿಸಬೇಕು, ದ್ರಾವಣ ಎಷ್ಟು ಗಾಢ ಅನ್ನೋದರ ಮೇಲೆ ಪಾಲು ಬದಲಾಗುತ್ತೆ. ಆಸಿಡ್ ಹಾಕಿದ ಗಾಢ ಕಿತ್ತಳೆ ದ್ರಾವಣವನ್ನ ಅದೇ ಪಿಎಚ್‌ನಲ್ಲಿ ನೂರು ಪಟ್ಟು ನೀರು ಮಾಡಿದ್ರೆ ಡೈಕ್ರೋಮೇಟ್ ಒಡೆದು ಹೈಡ್ರೋಜನ್ ಕ್ರೋಮೇಟ್ ಆಗ್ತಾ ಹೋಗುತ್ತೆ, ಪಿಎಚ್ ಮುಟ್ಟಲೇ ಇಲ್ಲ, ಆದ್ರೂ ರೂಪ ಬದಲಾಯ್ತು. ಕೈಗವಸು ಹಾಕ್ಕೊಳ್ಳಿ, ಸಿಂಕಿಗೆ ಚೆಲ್ಲಬೇಡಿ, ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರೋ ವಸ್ತು. ಅದನ್ನ ಕಾಸ್ಟಿಕ್ ಹಾಕಿ ಗಸಿ ಮಾಡೋಕೂ ಆಗಲ್ಲ, ಎಷ್ಟೇ ಪಿಎಚ್ ಏರಿಸಿದ್ರೂ ಹಳದಿ ನೀರು ಹಳದಿಯಾಗೇ ಇರುತ್ತೆ. ಪಿಎಚ್ 2ರಿಂದ 3ರ ನಡುವೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಹಸಿರು ಬಣ್ಣದ ಮೂರು ವೇಲೆನ್ಸಿಗೆ ಇಳಿಸಿ ಆಮೇಲೆ 8.5ಕ್ಕೆ ಏರಿಸಿದ್ರೆ ಗಸಿ ಬೀಳುತ್ತೆ. ಘಾಟು ಬರುತ್ತೆ, ಕಿಟಕಿ ತೆಗೆದಿರಿ.

ಪ್ರಶ್ನೆ: ಈ ಲೆಕ್ಕಕ್ಕೆಲ್ಲ ಫ್ರೀ ಸಾಫ್ಟ್‌ವೇರ್ ಇದೆಯಲ್ಲ, ಕೈಯಲ್ಲಿ ಮಾಡಿ ಯಾಕೆ ಕಷ್ಟಪಡ್ಬೇಕು? (ಬೆಂಗಳೂರಿನ ಎಂಜಿನಿಯರ್ ಒಬ್ಬರು)

ಉತ್ತರ: ಇದೆ, ಚೆನ್ನಾಗೂ ಇದೆ. ಅಮೆರಿಕದ ಭೂಗರ್ಭ ಸರ್ವೆ ಇಲಾಖೆಯ ಫ್ರೀಕ್‌ಸಿ ಇದೆ, ಸ್ವೀಡನ್ನಿನಿಂದ ಬಂದ ವಿಷುಯಲ್ ಮಿಂಟೆಕ್ ಇದೆ, ಎರಡೂ ದುಡ್ಡಿಲ್ಲದೆ ಸಿಗ್ತವೆ, ಹತ್ತು ಲೋಹ, ಕಾರ್ಬೊನೇಟ್, ಸಲ್ಫೇಟ್ ಎಲ್ಲ ಒಟ್ಟಿಗೆ ಬಂದಾಗ ಕೈಯಲ್ಲಿ ಮಾಡೋಕೆ ಹೋಗಬೇಡಿ, ಅವನ್ನೇ ಬಳಸಿ. ಆದ್ರೆ ಪ್ರೋಗ್ರಾಂ ತನ್ನೊಳಗಿನ ಡೇಟಾಬೇಸಿನ ಸ್ಥಿರಾಂಕಗಳನ್ನ ತಗೊಳ್ಳುತ್ತೆ, ಡೇಟಾಬೇಸ್ ಬದಲಾಯಿಸಿದ್ರೆ ಉತ್ತರ ಬದಲಾಗುತ್ತೆ, ಅಮೋನಿಯಾ ಇದೆ ಅಂತ ನೀವು ಟೈಪ್ ಮಾಡದಿದ್ರೆ ಅದಕ್ಕೆ ಗೊತ್ತಾಗಲ್ಲ, ಯಾವ ಗಸಿ ಇಳಿಯೋಕೆ ಬಿಡಬೇಕು ಅಂತ ಹೇಳದಿದ್ರೆ ಕೆಲವು ಸಲ ಲೀಟರಲ್ಲಿ ಕರಗೋಕೇ ಸಾಧ್ಯವಿಲ್ಲದಷ್ಟು ಸತುವನ್ನ ಕರಗಿದೆ ಅಂತಲೇ ತೋರಿಸುತ್ತೆ. ಬರೀ ಸತು, ಬರೀ ನೀರು, ಗಸಿ ಬೇಡ, 25 ಡಿಗ್ರಿ, ತೀರಾ ತೆಳು ದ್ರಾವಣ, ಪಿಎಚ್ 9 ಅಂತ ಕೊಟ್ಟು ಮೊದಲು ಒಂದು ಸಲ ಓಡಿಸಿ. ಎರಡು ಹೈಡ್ರಾಕ್ಸೈಡ್ ಇರೋ ರೂಪ 85.5ರ ಹತ್ರ ಬರದಿದ್ರೆ ಡೇಟಾಬೇಸ್ ತೆಗೆದು ಅದರಲ್ಲಿರೋ ನಾಲ್ಕು ಸ್ಥಿರಾಂಕಗಳನ್ನ ಮೇಲಿನ ನಾಲ್ಕರ ಪಕ್ಕ ಇಟ್ಟು ನೋಡಿ, ಏನು ವ್ಯತ್ಯಾಸ ಸಿಕ್ತು ಅಂತ ನಂಗೂ ಬರೆದು ಕಳಿಸಿ.